ಮಾವನಿಗೆ ಉಣಿಸುವ ಕೈ

ಮನೆಯಲ್ಲೇ ಕೂತು ಯಂತ್ರದ ಕೈ ಮಾಡುತ್ತೇನೆಂದು ಯಾರಾದರೂ ಹೊರಟರೆ ಅವರನ್ನು ಕೂರಿಸಿ, ಒಂದು ಲೋಟ ನೀರು ಕೊಟ್ಟು, ಬೇಡಪ್ಪಾ ಅಂತ ಹೇಳಿ ಕಳಿಸಬೇಕು. ಲೋಟವನ್ನು ಕೈಗೆ ಕೊಡಬಾರದು, ಕಟ್ಟೆಯ ಮೇಲಿಡಬೇಕು. ಅದು ನಮ್ಮ ಊರಿನ ವಿಷಯ, ಹೇಳುತ್ತೇನೆ. ನಾನು ಹೊರಟಾಗ ನನಗೆ ಬೇಡ ಅನ್ನುವವರು ಯಾರೂ ಇರಲಿಲ್ಲ. ಇದ್ದವರೆಲ್ಲ, “ನೀನಾದ್ರೆ ಮಾಡ್ತೀಯ ವಿಶಾಲು, ಊರಿನ ಮಿಕ್ಸಿ ಎಲ್ಲಾ ರಿಪೇರಿ ಮಾಡಿದ ಕೈ ನಿಂದು” ಎಂದು ಹುರಿದುಂಬಿಸಿದರು. ಮಿಕ್ಸಿ ಒಂದೇ ಕಡೆ ತಿರುಗುತ್ತದೆ. ಮನುಷ್ಯನ ಬಾಯಿ ಎಲ್ಲಿದೆ ಎಂದು ಅದಕ್ಕೆ ಗೊತ್ತಿರಬೇಕಾಗಿಲ್ಲ.

ನಮ್ಮ ಊರಿನಲ್ಲಿ ಯಾರೂ ಯಾರಿಗೂ ಕೈಯಾರೆ ಏನನ್ನೂ ಕೊಡುವುದಿಲ್ಲ. ಕೊಟ್ಟರೆ ಕೊಟ್ಟವರ ಮೈಯ ನೋವು ತೆಗೆದುಕೊಂಡವರ ಮೈಗೆ ಹೋಗುತ್ತದೆ. ಹೋಗಿ, ಅವರು ನಿದ್ದೆ ಹೋಗುವವರೆಗೆ ಅಲ್ಲೇ ಇದ್ದು, ಕಣ್ಣು ಮುಚ್ಚಿದ ಮೇಲೆ ತನ್ನ ಮನೆಗೆ ವಾಪಸ್ಸು ಬರುತ್ತದೆ. ಚಮಚದಲ್ಲಿ ಕೊಟ್ಟರೂ ಅಷ್ಟೇ, ಕೋಲಿನ ತುದಿಗೆ ಕಟ್ಟಿ ಚಾಚಿದರೂ ಅಷ್ಟೇ. ನಡುವೆ ಎಲ್ಲಾದರೂ ಒಮ್ಮೆ ಕೆಳಗಿಟ್ಟುಬಿಟ್ಟರೆ ಏನೂ ಆಗುವುದಿಲ್ಲ. ಅದಕ್ಕೇ ಪ್ರತಿ ಅಂಗಡಿಯ ಮುಂದೆ, ಪ್ರತಿ ಮನೆಯ ಬಾಗಿಲ ಪಕ್ಕ ಒಂದು ಕೊಡುಗಟ್ಟೆ. ಹೂವಿನವಳು ಮೊಳ ಹೂವನ್ನು ಕಟ್ಟೆಯ ಮೇಲಿಟ್ಟು ಕೈ ಹಿಂದಕ್ಕೆಳೆದುಕೊಂಡ ಮೇಲೆಯೇ ನಾವು ಎತ್ತಿಕೊಳ್ಳುವುದು. ಮಗು ಸುಮ್ಮಸುಮ್ಮನೆ ರಚ್ಚೆ ಹಿಡಿದರೆ ಏನು ತಿಂದಿತು ಎಂದು ಕೇಳುವುದಿಲ್ಲ, ಯಾರು ಉಣಿಸಿದರು ಎಂದು ಕೇಳುತ್ತೇವೆ. ಆಗದವರಿಗೆ ತಮ್ಮ ಹಲ್ಲುನೋವಿನ ದಿನ ನೋಡಿಕೊಂಡು ಪ್ರಸಾದ ಕೊಡಲು ಹೋಗುವವರೂ ಇದ್ದಾರೆ. ಅಂಥವರನ್ನು ಕಂಡರೆ ಜನ ಕೈ ಕಟ್ಟಿಕೊಂಡು ನಿಲ್ಲುತ್ತಾರೆ.

ನನ್ನನ್ನು ಸಾಕಿದವರು ಕುಮುದತ್ತೆ ಮತ್ತು ವರದಯ್ಯ ಮಾವ. ಕುಮುದತ್ತೆ ನನ್ನ ಅಪ್ಪನ ಅಕ್ಕ. ಮಾವ ಬಸ್ಸಿನ ಕಂಡಕ್ಟರ್ ಆಗಿದ್ದವರು. ಕೊರಳಿಗೆ ಮರದ ಹಲಗೆ ನೇತುಹಾಕಿಕೊಂಡು, ಟಿಕೆಟ್ಟನ್ನು ಹಲಗೆಯ ಮೇಲಿಟ್ಟು, “ಎತ್ಕೊಳ್ರೀ, ಎತ್ಕೊಳ್ರೀ, ನನ್ನ ಬೆನ್ನು ನೋಯ್ತಿದೆ, ಕೈಗೆ ಕೊಟ್ಟರೆ ನಿಮಗೇ ಕಷ್ಟ” ಎಂದು ಇಡೀ ಬಸ್ಸನ್ನು ನಗಿಸುತ್ತಿದ್ದರಂತೆ. ಕೆಲಸದಿಂದ ನಿವೃತ್ತರಾದ ಮೇಲೆ ಒಂದು ಕೆಟ್ಟ ಜ್ವರ ಬಂದು ಹೋಯಿತು. ಹೋಗುವಾಗ ಅವರ ಎರಡೂ ಕೈಗಳ ಬಲವನ್ನು ತೆಗೆದುಕೊಂಡು ಹೋಯಿತು. ಭುಜದಿಂದ ಕೆಳಗೆ ಎರಡೂ ಸುಮ್ಮನೆ ಜೋತುಬಿದ್ದವು. ಮಿಕ್ಕಂತೆ ಗಟ್ಟಿಯಾಗೇ ಇದ್ದರು; ನಡೆಯುತ್ತಿದ್ದರು, ಜಗಳವಾಡುತ್ತಿದ್ದರು, ಸಾರಿಗೆ ಉಪ್ಪು ಸಾಲದು ಎನ್ನುತ್ತಿದ್ದರು.

ಉಣಿಸುವುದು ಅತ್ತೆಯ ಪಾಲಿಗೆ ಬಂತು. ಅತ್ತೆಗೆ ಮಂಡಿನೋವು, ಸಾಧಾರಣದ್ದಲ್ಲ. ಮೊದಲ ತುತ್ತು ಗಂಟಲಲ್ಲಿ ಇಳಿಯುತ್ತಿದ್ದಂತೆ ಆ ನೋವಷ್ಟೂ ಮಾವನ ಮಂಡಿಗೆ ಹೋಗುತ್ತಿತ್ತು. ಒಂದು ತುತ್ತು ಕೊಟ್ಟರೂ ಅಷ್ಟೇ, ಹೊಟ್ಟೆ ತುಂಬ ಉಣಿಸಿದರೂ ಅಷ್ಟೇ, ನೋವಿಗೆ ಲೆಕ್ಕ ಗೊತ್ತಿಲ್ಲ. ಊಟವಾದ ಮೇಲೆ ಮಾವ ಕುಂಟುತ್ತಿದ್ದರು, ಅತ್ತೆ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆ ತೆಗೆಯಲು ಹುಡುಗಿಯ ಹಾಗೆ ಮೆಟ್ಟಿಲು ಹತ್ತುತ್ತಿದ್ದಳು. ಬೀದಿಯವರಿಗೆ ಅಷ್ಟು ಸಾಕಲ್ಲ. ಕುಮುದಮ್ಮ ಗಂಡನಿಗೆ ಅನ್ನದ ಜೊತೆ ಮಂಡಿನೋವು ಕಲಸಿ ಹಾಕುತ್ತಾಳೆ ಎಂದು ಆಡಿಕೊಂಡರು. ಅತ್ತೆ ಅದನ್ನು ಕೇಳಿಸಿಕೊಂಡು ಕೇಳಿಸದಂತೆ ಇದ್ದಳು. ಆದರೆ ಒಂದು ದಿನ ಮಧ್ಯಾಹ್ನ ಮಾವ ಆ ನೋವು ಹೊತ್ತುಕೊಂಡೇ ಅವಳ ಹಿಂದೆ ಮಾಳಿಗೆ ಹತ್ತಿದರು. ಇಳಿಯುವಾಗ ಮಂಡಿ ಕೈಕೊಟ್ಟಿತು. ಹಿಡಿದುಕೊಳ್ಳಲು ಬಲವಿದ್ದ ಕೈ ಇರಲಿಲ್ಲ. ಮುಂದಿನ ಎರಡು ಹಲ್ಲು ಮುರಿದು, ಗಲ್ಲಕ್ಕೆ ಹೊಲಿಗೆ ಬಿತ್ತು.

ಅವತ್ತೇ ಅತ್ತೆ ಆಣೆ ಹಾಕಿದಳು, ಇನ್ನು ನನ್ನ ಕೈಯಿಂದ ಅವರಿಗೆ ಒಂದು ತುತ್ತೂ ಇಲ್ಲ ಎಂದು. ಮತ್ತೆ ಬಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರೂ ಹೇಳಿದ್ದರು. ನಾನು ಉಣಿಸಲು ಹೋದೆ. ಮಾವ ಬಾಯಿ ಬಿಗಿದುಕೊಂಡು, “ನಿನ್ನ ಕತ್ತುನೋವು ನನಗೆ ಬೇಡ, ನೀನೇ ಇಟ್ಕೋ” ಎಂದರು. ಪಕ್ಕದ ಮನೆಯವರನ್ನು ಕರೆದರೆ ಅವರನ್ನೂ ಬೇಡ ಅಂದರು. ತಟ್ಟೆಯನ್ನು ಎತ್ತರದಲ್ಲಿಡುತ್ತೇವೆ, ಬಾಗಿ ತಿನ್ನಿ ಎಂದರೆ, “ನಾನೇನು ಮೇವು ಮೇಯೋಕೆ ಬಂದಿದೀನಾ?” ಎಂದು ಕೂಗಾಡಿದರು. ಮೇಜಿನ ಮೇಲಿಟ್ಟ ಗಂಜಿಯನ್ನು ಕೊಳವೆಯಲ್ಲಿ ಹೀರಿಕೊಂಡಷ್ಟೇ ಅವರ ಊಟವಾಯಿತು. ದಿನದಿನಕ್ಕೂ ಅವರ ಕುತ್ತಿಗೆಯ ಮೂಳೆ ಎದ್ದು ಕಾಣತೊಡಗಿತು. ಆಗ ನಾನು ಹೇಳಿದೆ, ಮೈನೋವಿಲ್ಲದ ಒಂದು ಕೈ ಮಾಡುತ್ತೇನೆ ಎಂದು. ಹೇಳಿದ ನನ್ನ ಬಾಯಿಗೆ ಬೀಗ ಹಾಕಬೇಕಿತ್ತು.

ಹಾಳಾದ ಪ್ರಿಂಟರುಗಳ ಮೋಟಾರು ತಂದೆ. ಲೇತ್ ಅಂಗಡಿಯ ಕರಿಬಸಪ್ಪ ಅಲ್ಯೂಮಿನಿಯಂ ಪಟ್ಟಿ ಕತ್ತರಿಸಿಕೊಟ್ಟ. ಹಳೆಯ ಹೊಲಿಗೆ ಯಂತ್ರದ ಮೇಜಿನ ಮೇಲೆ ಸೊಂಟ, ಭುಜ, ಮೊಣಕೈ, ಆಮೇಲೆ ಮಣಿಕಟ್ಟಿನಲ್ಲಿ ಮೂರು ಕೀಲು, ತುದಿಗೆ ಸ್ಟೀಲ್ ಚಮಚ. ನೋಡಲು ಕೊಕ್ಕರೆಯ ಹಾಗಿತ್ತು. ತಟ್ಟೆಯಿಂದ ಅನ್ನ ತುಂಬಿಕೊಂಡು, ಮೇಲೆದ್ದು, ಮಾವನ ಬಾಯಿಯ ಮುಂದೆ ನಿಂತು, ಅವರು ಬಾಯಿ ಮುಚ್ಚಿಕೊಂಡ ಮೇಲೆ ಹಿಂದೆ ಸರಿಯಬೇಕು. ಹೇಳುವಾಗ ಎಷ್ಟು ಸುಲಭ! ನೀವೇ ಒಮ್ಮೆ ಕಣ್ಣು ಮುಚ್ಚಿಕೊಂಡು ಮತ್ತೊಬ್ಬರ ಬಾಯಿಗೆ ಸಾರನ್ನ ಇಟ್ಟು ನೋಡಿ.

ಮೊದಲ ದಿನ ಅದು ಮಾವನ ಕಿವಿಗೆ ಉಣಿಸಿತು. ಅನ್ನ ಹೆಗಲ ಮೇಲೆ ಬಿತ್ತು, ಸಾರು ಅಂಗಿಯೊಳಗೆ ಇಳಿಯಿತು, ಮಾವ ಬಾಯಿ ತೆರೆದುಕೊಂಡೇ ಕೂತಿದ್ದರು. ನಮ್ಮ ಕಡೆ ಬಾಯಿ ತೆರೆದವರನ್ನು ಕಾಯಿಸುವುದಿಲ್ಲ. ತುತ್ತು ಜಾರಿಬಿದ್ದರೆ ಹತ್ತಿರ ಇದ್ದವರು ತಕ್ಷಣ ಇನ್ನೊಂದು ತುತ್ತು ಇಡಲೇಬೇಕು, ನೋವು ನಲಿವು ನೋಡಬಾರದು. ಅತ್ತೆಯ ಕೈ ತಾನಾಗಿ ಹೋಗಿ ಒಂದು ತುತ್ತು ಇಟ್ಟುಬಿಟ್ಟಿತು. ಇಟ್ಟ ಮೇಲೆ ಆಣೆ ನೆನಪಾಗಿ ಹಣೆ ಹಣೆ ಚಚ್ಚಿಕೊಂಡಳು. ಮಾವ ಕುಂಟಿಕೊಂಡು ಕೈ ತೊಳೆಸಿಕೊಳ್ಳಲು ಹೋದರು. ಕೈಗೇನೂ ಅಂಟಿರಲಿಲ್ಲ, ಅಭ್ಯಾಸ.

ನಾನು ಹಲ್ಲುಗಾಲಿಗಳನ್ನು ಬಿಚ್ಚಿದೆ. ಒಂದು ಹಲ್ಲಿಗೂ ಇನ್ನೊಂದಕ್ಕೂ ನಡುವೆ ಸ್ವಲ್ಪ ಸಡಿಲು ಇದ್ದೇ ಇರುತ್ತದೆ. ಭುಜದಲ್ಲಿ ಕೂದಲೆಳೆಯಷ್ಟು ಸಡಿಲಿದ್ದರೆ ಚಮಚದ ತುದಿಗೆ ಬರುವಷ್ಟರಲ್ಲಿ ಅದು ಹೆಬ್ಬೆರಳಷ್ಟಾಗಿರುತ್ತದೆ, ಬಾಯಿಗೆ ಹೊರಟದ್ದು ಮೂಗಿಗೆ ಹೋಗಲು ಅಷ್ಟು ಸಾಕು. ಸ್ಪ್ರಿಂಗ್ ಹಾಕಿ ಎಳೆದು ಕಟ್ಟಿದೆ. ಯಾವಾಗಲೂ ಕೆಳಗಿನಿಂದಲೇ ಮೇಲಕ್ಕೆ ಬಂದು ನಿಲ್ಲುವಂತೆ ಮಾಡಿದೆ, ಹಾಗಾದರೆ ಸಡಿಲೆಲ್ಲ ಒಂದೇ ಕಡೆಗೆ ಬೀಳುತ್ತದೆ. ಅದು ಸರಿಯಾಯಿತು ಅನ್ನುವಾಗ ಭಾರದ ಕಾಟ ಶುರುವಾಯಿತು. ಮೊಸರನ್ನಕ್ಕೆ ಸರಿಹೊಂದಿಸಿದರೆ ಉಪ್ಪಿಟ್ಟಿಗೆ ಎತ್ತರ ಹೋಗುತ್ತದೆ, ಉಪ್ಪಿಟ್ಟಿಗೆ ಸರಿಹೊಂದಿಸಿದರೆ ಮೊಸರನ್ನ ಗಲ್ಲಕ್ಕೆ ಬರುತ್ತದೆ. ನಿಧಾನ ಮಾಡಿದರೆ ಕೈ ನಡುಗುತ್ತದೆ, ಬೇಗ ಮಾಡಿದರೆ ಅನ್ನ ಹಾರುತ್ತದೆ. ಮೋಟಾರು ಬಿಸಿಯಾದರೆ ಒಂದು ಬುದ್ಧಿ, ತಣ್ಣಗಿದ್ದರೆ ಇನ್ನೊಂದು ಬುದ್ಧಿ. ನನ್ನ ಅಂಗಡಿಯಲ್ಲಿ ಊರಿನವರ ಮಿಕ್ಸಿ, ಗ್ರೈಂಡರು ಧೂಳು ತಿನ್ನುತ್ತಾ ಕೂತವು. ಬಂದವರೆಲ್ಲ, “ಇನ್ನೂ ಆಗಿಲ್ವಾ?” ಎಂದು ಕೇಳಿ ಹೋಗುತ್ತಿದ್ದರು. ಆ ಪ್ರಶ್ನೆ ಕೇಳಿದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಾವನ ಟೀಕೆ ಬೇರೆ. “ನಮ್ಮ ಡ್ರೈವರ್ ಕುಡಿದು ಬಂದ್ರೂ ಬಸ್ಸನ್ನ ಸ್ಟಾಪಿಗೇ ತಂದು ನಿಲ್ಲಿಸ್ತಿದ್ದ ಕಣೇ. ನಿನ್ನ ಕೈಗೆ ಅಷ್ಟೂ ಬರಲ್ವಲ್ಲ” ಎನ್ನುತ್ತಿದ್ದರು, ಗಡ್ಡದ ಮೇಲೆ ಅನ್ನದ ಅಗುಳು ಇಟ್ಟುಕೊಂಡು.

ಮಳೆಗಾಲ ಕಳೆಯುವ ಹೊತ್ತಿಗೆ ಕೈ ಹದಕ್ಕೆ ಬಂತು. ತುಂಬಿಕೊಳ್ಳುವುದು, ಏಳುವುದು, ನಿಲ್ಲುವುದು, ಎಲ್ಲ ಅಚ್ಚುಕಟ್ಟು. ಇಡೀ ಊಟ ಸರಾಗವಾಗಿ ನಡೆಯುತ್ತಿತ್ತು, ಒಂದು ತುತ್ತು ಬಿಟ್ಟು. ಆ ಒಂದು ತುತ್ತು ಮಾತ್ರ ಕೆನ್ನೆಗೆ ಬಡಿದು ಕೆಳಗೆ ಬೀಳುತ್ತಿತ್ತು. ಒಂದು ದಿನ ಶುರುವಿನಲ್ಲಿ, ಇನ್ನೊಂದು ದಿನ ನಡುವೆ, ಆದರೆ ಒಂದು ಊಟಕ್ಕೆ ಒಂದು ತಪ್ಪದೆ ಬೀಳುತ್ತಿತ್ತು. ಅತ್ತೆ ಪಕ್ಕದಲ್ಲೇ ಟವೆಲ್ ಹಿಡಿದು ಕೂತಿರುತ್ತಿದ್ದಳು. ಬಿದ್ದ ತಕ್ಷಣ ಅವಳ ಕೈ ಹೋಗುತ್ತಿತ್ತು, ಮಾವ ನುಂಗುತ್ತಿದ್ದರು, ನೋವು ದಾಟುತ್ತಿತ್ತು, ಎಲ್ಲ ಕೆಡುತ್ತಿತ್ತು. ಇಷ್ಟು ಕಷ್ಟಪಟ್ಟಿದ್ದು ಅವರ ಮಂಡಿಗೆ ಆ ನೋವು ಹೋಗದಿರಲಿ ಎಂದು. ಒಂದು ತುತ್ತು ತಪ್ಪಿದರೂ ಇಡೀ ಊಟ ತಪ್ಪಿದ ಹಾಗೇ. ಒಂದು ಸಂಜೆ ಮಾವ ಹೊಸಿಲು ದಾಟುವಾಗ ಮುಗ್ಗರಿಸಿದರು. ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ಹೇಗೋ ನಿಂತರು. ಅತ್ತೆ ಬಿಳಚಿಕೊಂಡು ಹೋದಳು.

ಯಾವಾಗಲೂ ತಪ್ಪುವ ಯಂತ್ರವನ್ನು ರಿಪೇರಿ ಮಾಡಬಹುದು. ಆಗೊಮ್ಮೆ ಈಗೊಮ್ಮೆ ತಪ್ಪುವ ಯಂತ್ರದಂಥ ಪಾಪಿ ಇನ್ನೊಂದಿಲ್ಲ. ನಾನು ಬೇರಿಂಗ್ ಬದಲಿಸಿದೆ. ಬೆಲ್ಟ್ ಬದಲಿಸಿದೆ. ವೈರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಒಂದೊಂದನ್ನೂ ಬಿಡಿಸಿ ಮತ್ತೆ ಕಟ್ಟಿದೆ. ಕರೆಂಟು ಏರಿಳಿತ ಇರಬೇಕೆಂದು ಬ್ಯಾಟರಿಗೆ ಹಾಕಿದೆ. ಮೇಜಿನ ಕಾಲು ಅಲ್ಲಾಡುತ್ತದೇನೋ ಎಂದು ಸಿಮೆಂಟು ಹಾಕಿ ನೆಲಕ್ಕೆ ಕೂರಿಸಿದೆ. ಕರಿಬಸಪ್ಪನ ಮೇಲೆ ರೇಗಿ, ನೀನು ಕೊರೆದ ತೂತು ಸೊಟ್ಟ ಎಂದು ಅವನ ಅಂಗಡಿಗೇ ಹೋಗಿ ಕೂಗಾಡಿದೆ. ಅವನು ಅಳೆದು ತೋರಿಸಿದ. ತೂತು ಸೊಟ್ಟ ಇರಲಿಲ್ಲ. ವಾಪಸ್ಸು ಬರುವಾಗ ದಾರಿಯಲ್ಲೇ ಅಳು ಬಂತು, ಬೇಜಾರಿಗಿಂತ ಹೆಚ್ಚಾಗಿ ಸಿಟ್ಟಿಗೆ.

ಕೊನೆಗೆ ಒಂದು ಮಡಕೆಗೆ ಬಾಯಿಯ ಜಾಗದಲ್ಲಿ ತೂತು ಮಾಡಿ, ಮಾವನ ಕುರ್ಚಿಯ ಮೇಲೆ ಅವರ ತಲೆಯ ಎತ್ತರಕ್ಕೆ ಕೂರಿಸಿದೆ. ಬೆಳಗಿನಿಂದ ಸಂಜೆಯವರೆಗೆ ಆ ಮಡಕೆಗೆ ಅವಲಕ್ಕಿ ಉಣಿಸಿದೆ. ಒಂದು ಚಮಚ ತಪ್ಪಲಿಲ್ಲ. ಒಂದು ಚೂರು ಕೆಳಗೆ ಬೀಳಲಿಲ್ಲ. ಮಡಕೆ ತುಂಬಿ ತೂತಿನಿಂದ ಹೊರಗೆ ಬರತೊಡಗಿದ ಮೇಲೆ ನಿಲ್ಲಿಸಿದೆ. ಮಾರನೆಯ ದಿನ ಅತ್ತೆ ಅರಿಶಿನ ಕುಂಕುಮಕ್ಕೆಂದು ಹೋಗಿದ್ದಾಗ ಮಾವನಿಗೆ ಅದೇ ಕೈಯಿಂದ ಊಟ ಹಾಕಿದೆ. ಹುಳಿಯನ್ನ, ಪಲ್ಯ, ಮಜ್ಜಿಗೆಯನ್ನ, ಒಂದೂ ತಪ್ಪಲಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು. ರಾತ್ರಿ ಊಟಕ್ಕೆ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿ, “ನೋಡು ಅತ್ತೆ, ಇನ್ನು ನಿನ್ನ ಟವೆಲ್ ಬೇಡ” ಎಂದು ಗುಂಡಿ ಒತ್ತಿದೆ. ಎರಡನೆಯ ತುತ್ತೇ ಮಾವನ ಕೆನ್ನೆಗೆ ಬಡಿಯಿತು.

ಆಗ ಮೊದಲ ಸಲ ನನಗೆ ಚಮಚದ ಬದಲು ಗಲ್ಲವನ್ನು ನೋಡಬೇಕು ಅನ್ನಿಸಿತು. ಇಷ್ಟು ತಿಂಗಳು ನಾನು ಚಮಚವನ್ನೇ ನೋಡಿದ್ದೆ. ಮಾರನೆಯ ಮಧ್ಯಾಹ್ನ ಅತ್ತೆಗೆ ಏನೂ ಹೇಳದೆ, ಮೇಜಿನ ಆಚೆ ಬದಿ ಸ್ಕ್ರೂ ಹುಡುಕುವವಳಂತೆ ಬಗ್ಗಿ, ಮಾವನ ಹೊಲಿಗೆ ಬಿದ್ದ ಗಲ್ಲದ ಮೇಲೆ ಕಣ್ಣಿಟ್ಟೆ. ಚಮಚ ಬಂತು, ನಿಂತಿತು. ಮಾವ ಬಾಯಿ ತೆರೆದರು. ಚಮಚ ಇನ್ನೇನು ತುಟಿಗೆ ತಾಗಬೇಕು, ಗಲ್ಲ ಇಷ್ಟೇ ಇಷ್ಟು ಬಲಕ್ಕೆ ಸರಿಯಿತು. ಅನ್ನ ಬಿತ್ತು. ಬಾಯಿ ಹಾಗೇ ತೆರೆದುಕೊಂಡು ಅತ್ತೆಯ ಕಡೆ ತಿರುಗಿತು.

ಅತ್ತೆ ಪಾತ್ರೆ ತೊಳೆಯಲು ಹಿತ್ತಿಲಿಗೆ ಹೋದ ಮೇಲೆ ನಾನು ಮಾವನ ಮುಂದೆ ಹೋಗಿ ನಿಂತೆ.

“ಮಾವ, ನೀವು ತಲೆ ತಿರುಗಿಸ್ತಿದೀರ.”

“ನಾನ್ಯಾಕೆ ತಿರುಗಿಸ್ಲಿ? ನಿನ್ನ ಯಂತ್ರ ಸರಿ ಇಲ್ಲ.”

“ನೋಡಿದೆ ಮಾವ. ಸುಳ್ಳು ಹೇಳ್ಬೇಡಿ. ಮೇಜಿಗೆ ಸಿಮೆಂಟ್ ಹಾಕಿಸಿದೀನಿ ನಾನು! ಕರಿಬಸಪ್ಪನ್ನ ಬೈದು ಬಂದಿದೀನಿ! ನನಗೆ ಹುಚ್ಚು ಹಿಡಿಯೋದೊಂದು ಬಾಕಿ!”

ಮಾವ ಮಂಡಿಯ ನೋವಿಗೆ ಕಾಲನ್ನು ಒಮ್ಮೆ ನೀಡಿ, ಒಮ್ಮೆ ಮಡಿಸಿ, ತಮ್ಮ ಸತ್ತ ಕೈಗಳ ಕಡೆ ನೋಡಿದರು.

“ಅವಳ ಕೊಡ ಎತ್ತಿ ಇಡ್ತಿದ್ದೆ” ಎಂದರು. “ಮಾರ್ಕೆಟ್ಟಿಂದ ಚೀಲ ಹೊತ್ಕೊಂಡು ಬರ್ತಿದ್ದೆ. ಹಂಡೆ ತುಂಬಿಸ್ತಿದ್ದೆ. ಈಗ ನನ್ನಿಂದ ಅವಳಿಗೆ ಏನಾಗುತ್ತೆ ಹೇಳು? ನನ್ನ ಮೀಸೆ ಕೂಡ ಅವಳೇ ಒರೆಸ್ಬೇಕು. ಇದೊಂದು ಮಂಡಿನೋವು ಹೊರ್ತೀನಿ. ಹೊರೋಕೆ ಕೈ ಬೇಡ ನೋಡು ಅದಕ್ಕೆ. ನಾನು ಹೊತ್ತಾಗ ಅವಳು ಮೆಟ್ಟಿಲು ಹತ್ತೋ ಸದ್ದು ಕೇಳಿದೀಯಾ ನೀನು?”

“ಬಿದ್ದು ಸತ್ತರೆ?”

“ಅದೊಂದು ಇದೆ” ಎಂದರು. ಆಮೇಲೆ, “ಅವಳಿಗೆ ಹೇಳ್ಬೇಡ. ತಿಳಿದ್ರೆ ಟವೆಲ್ ಇಟ್ಟು ಎದ್ದು ಹೋಗ್ತಾಳೆ” ಎಂದರು.

ನನಗೆ ಸಿಟ್ಟೂ ಬಂತು, ದುಃಖವೂ ಬಂತು, ಎರಡನ್ನೂ ತೋರಿಸಲಾಗದೆ ಸ್ಪ್ಯಾನರನ್ನು ಗೋಡೆಗೆ ಎಸೆದು ಅಂಗಡಿಗೆ ಬಂದು ಕೂತೆ. ಹೇಳಿದರೆ ಮಾವನ ಮನಸ್ಸು ಮುರಿಯುತ್ತದೆ. ಹೇಳದಿದ್ದರೆ ಇವತ್ತಲ್ಲ ನಾಳೆ ಅವರ ತಲೆ ಒಡೆಯುತ್ತದೆ. ಯಂತ್ರದ ತಪ್ಪಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ.

ಎರಡು ದಿನ ಬಿಟ್ಟು ಅತ್ತೆ ತಾನಾಗಿ ಅಂಗಡಿಗೆ ಬಂದಳು. ಬೆಳಗಿನ ಹೊತ್ತು, ಇನ್ನೂ ಅವಳ ನೋವು ಅವಳಲ್ಲೇ ಇತ್ತು. ಗೋಡೆ ಹಿಡಿದುಕೊಂಡು ಬಂದು, ಸ್ಟೂಲಿನ ಮೇಲೆ ಮೆಲ್ಲಗೆ ಕೂತು, ಕಾಫಿಯನ್ನು ಕಟ್ಟೆಯ ಮೇಲಿಟ್ಟು ನನ್ನ ಕಡೆ ತಳ್ಳಿದಳು.

“ಅವರು ತಲೆ ತಿರುಗಿಸ್ತಾರೆ ಅಂತ ನಿನಗೂ ಗೊತ್ತಾಯ್ತು ಅಲ್ವಾ?” ಎಂದಳು.

ಎತ್ತಿಕೊಂಡ ಕಾಫಿಯನ್ನು ಮತ್ತೆ ಕಟ್ಟೆಯ ಮೇಲಿಟ್ಟೆ. “ನಿನಗೂ ಅಂದ್ರೆ?”

“ನನಗೆ ಮೊದಲಿಂದ ಗೊತ್ತು ಕಣೇ. ಅವರ ಜೊತೆ ಇಷ್ಟು ವರ್ಷ ಬಾಳಿದೀನಿ, ಗಲ್ಲ ಅಲ್ಲಾಡಿದ್ದು ಗೊತ್ತಾಗಲ್ವಾ?”

“ಅತ್ತೆ! ನಾನು ಬೇರಿಂಗ್ ಬದಲಿಸಿದೀನಿ! ಅವಲಕ್ಕಿ ಡಬ್ಬ ಖಾಲಿಯಾಗಿದ್ದು ನೋಡಿ ನೀನೇ ಬೈದೆ! ಆಗ ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?”

“ಹೇಳಿದ್ರೆ ನೀನು ಅದನ್ನೂ ಸರಿ ಮಾಡಿಬಿಡ್ತಿದ್ದೆ” ಎಂದಳು ಅತ್ತೆ. “ನಾನು ಎದ್ದು ಹೋಗಬಹುದಿತ್ತು. ಆಣೆ ಹಾಕಿದವಳು ನಾನೇ. ಆದ್ರೆ ಅವರು ಬಾಯಿ ತೆಗೆದು ನನ್ನ ಕಡೆ ನೋಡ್ತಾರಲ್ಲ, ಆಗ ಏಳೋಕೆ ಮನಸ್ಸು ಬರಲ್ಲ. ನೋವು ತಗೊಂಡ ಮೇಲೆ ಅವರು ಎಷ್ಟು ಗೆಲುವಾಗಿರ್ತಾರೆ ನೋಡಿದೀಯಾ? ಹಳೇ ಬಸ್ಸಿನ ಕಥೆ ಎಲ್ಲಾ ಹೇಳ್ತಾರೆ. ಆದ್ರೆ ಮೊನ್ನೆ ಹೊಸಿಲ ಹತ್ರ ಮುಗ್ಗರಿಸಿದ್ದು ನೋಡಿ ನನ್ನ ಜೀವ ಹೋಗಿ ಬಂತು. ಹಗಲೆಲ್ಲಾ ಅವರು ಓಡಾಡ್ತಾರೆ, ಹಗಲು ಬೇಡ.” ಮಂಡಿ ಉಜ್ಜಿಕೊಳ್ಳುತ್ತಾ ಕೇಳಿದಳು, “ಅದು ರಾತ್ರಿ ಊಟದ ಕೊನೇ ತುತ್ತು ಮಾತ್ರ ತಪ್ಪೋ ಹಾಗೆ ಮಾಡ್ತೀಯಾ?”

“ಏನಂದೆ?”

“ಕೊನೇ ತುತ್ತು. ಅದು ತಾನಾಗಿ ತಪ್ಪಬೇಕು, ಅವರು ತಿರುಗಿಸೋ ಹಾಗಿರಬಾರದು. ಹಗಲು ನಾನು ಅಡುಗೆಮನೇಲೇ ಇರ್ತೀನಿ, ಹತ್ರ ಬರಲ್ಲ. ರಾತ್ರಿ ಮಾತ್ರ ಪಕ್ಕದಲ್ಲಿ ಕೂರ್ತೀನಿ. ತುತ್ತು ಬಿದ್ದ ಮೇಲೆ ನಾನು ಇಡ್ತೀನಿ. ಆಮೇಲೆ ಅವರು ಹೇಗೂ ನೇರ ಹಾಸಿಗೆಗೆ ಹೋಗ್ತಾರೆ, ಬೀಳೋ ಭಯ ಇಲ್ಲ. ಅವರಿಗೆ ನಿದ್ದೆ ಬರೋವರೆಗೂ ನಾನು ಎರಡು ಸಲ ಮೆಟ್ಟಿಲು ಹತ್ತಿ ಇಳೀತೀನಿ, ಜೋರಾಗಿ ಹೆಜ್ಜೆ ಹಾಕಿ. ಅವರಿಗೆ ಕೇಳಿಸಲಿ.”

ಒಂದು ವರ್ಷ ಹತ್ತಿರ ಹತ್ತಿರ ನಾನು ಆ ಕೈ ತಪ್ಪದ ಹಾಗೆ ಮಾಡಲು ಪ್ರಾಣ ಬಿಟ್ಟಿದ್ದೆ. ಈಗ ಅದು ತಪ್ಪಬೇಕಂತೆ. ಅದೂ ಬೇಕಾಬಿಟ್ಟಿಯಾಗಿ ಅಲ್ಲ. ಕಣ್ಣಿಗೆ ತಾಗಬಾರದು, ಹೊಲಿಗೆಯ ಕಲೆಗೆ ತಾಗಬಾರದು, ಅಂಗಿಯೊಳಗೆ ಹೋಗಬಾರದು, ಬೇಕೆಂದೇ ಮಾಡಿದಂತೆ ಕಾಣಬಾರದು. ಸರಿಯಾಗಿ ಉಣಿಸುವುದನ್ನು ಕಲಿಸಿದ್ದಕ್ಕಿಂತ ಅದನ್ನು ಕಲಿಸುವುದೇ ಕಷ್ಟವಾಯಿತು. ಆ ಮಡಕೆಯನ್ನು ಮತ್ತೆ ಕೂರಿಸಿ, ತೂತಿನ ಪಕ್ಕಕ್ಕೆ ಚಮಚ ತಾಗುವಂತೆ ಮಾಡುತ್ತಾ, ಈ ಗಂಡ ಹೆಂಡತಿ ಇಬ್ಬರಿಗೂ ಮನಸ್ಸಿನಲ್ಲೇ ಬೈದುಕೊಂಡೆ. ಬೈದುಕೊಂಡರೂ ಕೆಲಸ ಬಿಡಲಿಲ್ಲ; ತಟ್ಟೆ ಹಗುರಾದರೆ ಕೊನೆಯ ತುತ್ತೆಂದು ಅದಕ್ಕೆ ತಿಳಿಯುವಂತೆ ತಟ್ಟೆಯ ಕೆಳಗೊಂದು ಸ್ಪ್ರಿಂಗ್ ಇಟ್ಟೆ.

ಅದು ಹದಕ್ಕೆ ಬಂದ ರಾತ್ರಿ ಊಟಕ್ಕೆ ಅತ್ತೆ ಟವೆಲ್ ಹಿಡಿದು ಕೂತಳು. ಮೊದಲ ತುತ್ತಿನಿಂದ ಒಂದೊಂದೂ ನೇರವಾಗಿ ಬಾಯಿಗೇ ಹೋಯಿತು. ಮಾವನ ಕಣ್ಣು ಚಮಚಕ್ಕೂ ಅತ್ತೆಗೂ ಓಡಾಡುತ್ತಿತ್ತು, ಯಾವಾಗ ತಿರುಗಿಸಲಿ ಎಂದು ಲೆಕ್ಕ ಹಾಕುತ್ತಿದ್ದರು. ಇನ್ನೊಂದು, ಇನ್ನೊಂದು ಎಂದು ಮುಂದೂಡುತ್ತಾ ಬಂದರು, ಅಷ್ಟು ಹೊತ್ತಿಗೆ ತಟ್ಟೆ ಬರಿದಾಗಿ ಕೊನೆಯ ತುತ್ತು ಬಂತು. ಮಾವ ಗಲ್ಲ ಬಿಗಿಹಿಡಿದು ಸಿದ್ಧರಾದರು. ಅವರು ಅಲ್ಲಾಡುವ ಮೊದಲೇ ಕೈ ತಾನಾಗಿ ಸ್ವಲ್ಪ ಬಲಕ್ಕೆ ಹೋಯಿತು. ಮಜ್ಜಿಗೆಯನ್ನ ಕೆನ್ನೆಯ ಅಂಚಿಗೆ ತಾಗಿ ತಟ್ಟೆಗೇ ಬಿತ್ತು.

ಅತ್ತೆ ಒಂದು ತುತ್ತು ಇಟ್ಟಳು. ಮಾವ ಕಣ್ಣು ಮುಚ್ಚಿಕೊಂಡು ನುಂಗಿದರು. ಅವರ ಮಂಡಿ ಒಮ್ಮೆ ಸೆಟೆದುಕೊಂಡಿತು. ಅತ್ತೆ ಎದ್ದು, ಬಟ್ಟೆ ತರುತ್ತೇನೆಂದು ಮಾಳಿಗೆಯ ಕಡೆ ಹೋದಳು. ಒಣಗಿದ ಬಟ್ಟೆ ಸಂಜೆಯೇ ಒಳಗೆ ಬಂದಿತ್ತು. ಮೆಟ್ಟಿಲ ಮೇಲೆ ಧಡಧಡ ಹೆಜ್ಜೆಯ ಸದ್ದು ಕೇಳಿಸಿತು.

ಮಾವ ಅದನ್ನು ಕೇಳುತ್ತಾ, ನನ್ನ ಕಡೆ ತಿರುಗಿ ದನಿ ತಗ್ಗಿಸಿ ಹೇಳಿದರು, “ವಿಶಾಲು, ಈ ಸಲ ನಾನಲ್ಲ ಕಣೇ.”

“ಗೊತ್ತು ಮಾವ” ಎಂದೆ. “ಯಂತ್ರದ್ದೇ ತಪ್ಪು. ಎಷ್ಟು ಮಾಡಿದ್ರೂ ಅದೊಂದು ಸರಿ ಹೋಗ್ತಾ ಇಲ್ಲ.”